ಹನ್ನೆರಡರಿಂದ ಒಂದರ ಪಾಳಿ

ಸೋನೂ, ಚಿಂಟೂ, ನಿಮ್ಮ ಅಪ್ಪ ಅವ್ವನ ಮದುವೆ ಹೇಗೆ ಕೂಡಿಬಂತೆಂದು ನೀವು ಕೇಳಿದಾಗಲೆಲ್ಲ ನಾನು ಎದ್ದು ಹೋಗಿ ಚಹಾಕ್ಕೆ ಇಡುತ್ತೇನೆ. ನಾಲ್ಕು ಜನರ ಮುಂದೆ ಮಾತನಾಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ನೀವು ಇಬ್ಬರೇ ಇದ್ದರೂ ನನಗೆ ನಾಲ್ಕು ಜನರ ಹಾಗೆಯೇ ಕಾಣುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮುರಗೋಡದ ಹತ್ತಿರದ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ತನಕ ಓದಿದ ಅಕ್ಷರ ಇದು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ನಿಮ್ಮನ್ನು ಬಿಟ್ಟು ಬೇರೆ ಯಾರ ಹೆಸರನ್ನೂ ಹಾಕುವುದಿಲ್ಲ. ಇದರಲ್ಲಿ ಬರುವ ಕೆಲವರು ಈಗಲೂ ಪ್ರತಿ ಭಾನುವಾರ ನನ್ನ ಪಕ್ಕದಲ್ಲೇ ಕೂರುತ್ತಾರೆ.

ಆಗ ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ಬೈಲಹೊಂಗಲದ ಎರಡು ಖೋಲಿಯ ಮನೆಯಲ್ಲಿ ನಾನು, ನಿಮ್ಮ ಅವ್ವ, ಇಬ್ಬರೇ. ನಾನು ಕೌದಿ ಹೊಲಿಯುತ್ತಿದ್ದೆ, ಅವಳು ಓಣಿಯವರ ಜಂಪರು ಹೊಲಿಯುತ್ತಿದ್ದಳು. ಸವದತ್ತಿಯಲ್ಲಿದ್ದ ನನ್ನ ಅಣ್ಣ ರಾಮದುರ್ಗದಿಂದ ಒಂದು ಸಂಬಂಧ ತಂದ. ನಮ್ಮದೇ ಕ್ರಿಸ್ತ ವಿಶ್ವಾಸದವರು, ಸೀರೆ ನೇಯುವ ಮನೆತನ, ತಂದೆ ಇಲ್ಲದ ಹುಡುಗ, ಕುಡಿತ ಇಲ್ಲ. ಈ ಸೀಮೆಯಲ್ಲಿ ನಮ್ಮ ವಿಶ್ವಾಸದ ಮನೆಗಳನ್ನು ಬೆರಳಲ್ಲಿ ಎಣಿಸಬಹುದು. ಆ ಮೊದಲು ಬಂದ ಎರಡು ಸಂಬಂಧಗಳು ಹಿಂದಕ್ಕೆ ಹೋಗಿದ್ದವು. ಇದೂ ತಪ್ಪಿದರೆ ಮತ್ತೊಂದು ಯಾವ ಊರಿನಿಂದ ಬರಬೇಕು ಎಂದು ನಾನು ಕೌದಿಯ ಒಂದೊಂದು ಹೊಲಿಗೆಗೂ ಯೋಚಿಸುತ್ತಿದ್ದೆ.

ಆದರೆ ಅಣ್ಣ ರಾಮದುರ್ಗದವರಿಗೆ ಒಂದು ಸುಳ್ಳು ಹೇಳಿ ಬಂದಿದ್ದ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ ಎಂದು. ನಿಮ್ಮ ಅವ್ವ ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು.

ಸಂಬಂಧದ ಮಾತಿಗೆಂದು ಒಂದು ಭಾನುವಾರ ಸವದತ್ತಿಗೆ ಹೋದಾಗ ನಾನು ಅಣ್ಣನಿಗೆ ಹೇಳಿದೆ. "ಅಣ್ಣಾ, ಸುಳ್ಳ ಹೇಳಿ ಮದವಿ ಮಾಡಿದ್ರ ನಾಳೆ ಅಕಿ ಗತಿ ಏನೋ?"

"ನೀ ಸುಮ್ನಿರವಾ ತಂಗಿ. ಅವ್ರು ಕನ್ಯಾ ನೋಡಾಕ ಬರಾಕತ್ತಾರ, ಮಾರ್ಕ್ಸ್ ಕಾರ್ಡ್ ನೋಡಾಕಲ್ಲ. ನೀ ಹೆಂಗೂ ಮಂದಿ ಮುಂದ ಬಾಯಿ ಬಿಡಾಕಿ ಅಲ್ಲ. ಅವತ್ತೂ ಬಿಡಬ್ಯಾಡ. ಇಷ್ಟ ಮಾಡು, ಉಳದದ್ದ ನಾ ನೋಡ್ಕೊಂತೇನಿ."

ನಿಮ್ಮ ಅವ್ವನಿಗೂ ಇದು ಸೇರಲಿಲ್ಲ. "ನಾ ಲೆಕ್ಕದಾಗ ಫೇಲಾಗೇನಿ, ಕಳವ ಮಾಡಿಲ್ಲ. ಮುಚ್ಚಿಡೂದ ಯಾಕ?" ಎಂದಳು. ಅವಳ ಮಾತು ಖರೆ. ಆದರೆ ನಿಮ್ಮ ಅಜ್ಜ ಹೋದ ಮೇಲೆ ನಮ್ಮ ಮನೆಗೆ ಕಾಳು ಕಡಿ, ದವಾಖಾನೆ, ಕಾಗದಪತ್ರ, ಎಲ್ಲಕ್ಕೂ ಓಡಾಡಿದವನು ನನ್ನ ಅಣ್ಣನೇ. ಅವನ ಮಾತು ಮೀರಿದರೆ ಪಾಪ, ಮೀರದಿದ್ದರೆ ಸುಳ್ಳಿನ ಪಾಪ. ನಾನು ನಸುಕಿನಲ್ಲಿ ಎದ್ದು, ಒಲೆ ಹೊತ್ತಿಸುವ ಮೊದಲು ಒಂದೇ ಪ್ರಾರ್ಥನೆ ಮಾಡುತ್ತಿದ್ದೆ. ಒಂದೋ ನನಗೆ ಬಾಯಿ ಕೊಡು, ಇಲ್ಲವಾದರೆ ಆ ಗಣಿತದ ಪೇಪರು ತಿದ್ದಿದ ಮಾಸ್ತರರ ಮನಸ್ಸು ತಿರುಗಿಸು ಎಂದು. ಪೇಪರು ತಿದ್ದಿ ವರ್ಷದ ಮೇಲಾಗಿತ್ತು. ಆದರೂ ದೇವರಿಗೆ ಯಾವುದು ಅಸಾಧ್ಯ ಎಂದು ಕೇಳುತ್ತಲೇ ಇದ್ದೆ.

ರಾಮದುರ್ಗದವರು ಬರುವುದು ಒಂದು ಶನಿವಾರ ಸಂಜೆ ನಾಲ್ಕಕ್ಕೆ ಎಂದು ಗೊತ್ತಾಯಿತು. ಅದೇ ಶನಿವಾರ ನಮ್ಮ ದೇವಾಲಯದಲ್ಲಿ ಸರಪಳಿ ಪ್ರಾರ್ಥನೆ. ನಮ್ಮ ದೇವಾಲಯ ಆಗ ಹಂಚಿನ ಒಂದು ಉದ್ದನೆಯ ಕೋಣೆ. ಒಂದು ಮೇಜು, ಚಾಪೆಗಳು, ಕಟಕಟ ಎಂದು ಸದ್ದು ಮಾಡುವ ಒಂದು ಫ್ಯಾನು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಳಗಿನ ಆರರಿಂದ ಸಂಜೆ ಆರರ ತನಕ ಪ್ರಾರ್ಥನೆ ನಿಲ್ಲಬಾರದೆಂದು ಹನ್ನೆರಡು ಮನೆಯವರು ತಾಸಿಗೊಬ್ಬರಂತೆ ಪಾಳಿ ಹಚ್ಚಿಕೊಳ್ಳುತ್ತಿದ್ದೆವು. ಹಿಂದಿನ ವರ್ಷ ಯಾರೋ ಮುಂದಿನವರು ಬರುವ ಮೊದಲೇ ಎದ್ದುಹೋಗಿ ಸರಪಳಿ ಇಪ್ಪತ್ತು ನಿಮಿಷ ಹರಿದಿತ್ತು. ಸಭಾಪಾಲಕರ ಮನಸ್ಸಿನಿಂದ ಆ ದುಃಖ ಇಳಿದೇ ಇರಲಿಲ್ಲ. "ಇಪ್ಪತ್ತ ನಿಮಿಷ ಅಂದ್ರ ಸೈತಾನಗ ಬೈಲಹೊಂಗಲ ಪೂರಾ ಒಂದ ಸುತ್ತ ಹೊಡದ ಬರಾಕ ಸಾಕು" ಎನ್ನುತ್ತಿದ್ದರು.

ಅದಕ್ಕೆ ಅವರು ಒಂದು ಭಾನುವಾರ ನಿಯಮ ಹೇಳಿದರು. ಪ್ರಾರ್ಥನೆಯಲ್ಲಿ ಇರುವವರು ಗಟ್ಟಿಯಾಗಿ, ಕಣ್ಣು ಮುಚ್ಚಿ, ಮೊಣಕಾಲೂರಿ ಪ್ರಾರ್ಥಿಸಬೇಕು. ಮುಂದಿನ ಪಾಳಿಯವರು ಬಂದು ಬೆನ್ನು ಮುಟ್ಟುವ ತನಕ ಆಮೆನ್ ಎನ್ನಬಾರದು, ಕಣ್ಣು ತೆರೆಯಬಾರದು. ಏನು ಸದ್ದು ಕೇಳಿಸಿದರೂ ಅದು ಸೈತಾನನ ಆಟವೆಂದು ತಿಳಿಯಬೇಕು.

ಇದಾದ ಮೇಲೆ ಒಬ್ಬ ಹಿರಿಯರು ಸಭಾಪಾಲಕರ ಹತ್ತಿರ ಹೋಗಿ, ಪ್ರಾರ್ಥನೆಯಲ್ಲಿ ಮೈಮರೆತಿದ್ದಾಗ ಯಾರಾದರೂ ಬೆನ್ನು ಮುಟ್ಟಿದರೆ ನನ್ನ ಎದೆ ಒಡೆದೀತು, ನನಗೆ ಬಿಪಿ ಇದೆ ಎಂದರು. ಹಾಗಾಗಿ ಮುಂದಿನ ಭಾನುವಾರ ನಿಯಮ ಬದಲಾಯಿತು. ಪ್ರಾರ್ಥನೆಯಲ್ಲಿ ಇರುವವರನ್ನು ಯಾರೂ ಮುಟ್ಟಬಾರದು. ಹಿಂದೆ ಸದ್ದಿಲ್ಲದೆ ಕೂತು ಅವರು ಆಮೆನ್ ಎನ್ನುವ ತನಕ ಕಾಯಬೇಕು.

ಮೊದಲನೆಯ ಭಾನುವಾರ ನಾನು ಇದ್ದೆ. ಎರಡನೆಯ ಭಾನುವಾರವೇ ನಾನು ಅಣ್ಣನ ಹತ್ತಿರ ಸವದತ್ತಿಗೆ ಹೋಗಿದ್ದು. ನನ್ನದು ಹನ್ನೆರಡರಿಂದ ಒಂದರ ಪಾಳಿ. ನನ್ನ ನಂತರ, ಒಂದರಿಂದ ಎರಡರ ತನಕ, ಅಂಗನವಾಡಿಯಲ್ಲಿ ಕಲಿಸುವ ಅಕ್ಕೋರು. ಅವರು ಮೊದಲನೆಯ ಭಾನುವಾರ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದರು, ಎರಡನೆಯದಕ್ಕೆ ಬಂದಿದ್ದರು. ಅಕ್ಕೋರೆಂದರೆ ಅಂಗನವಾಡಿಯ ಉಪ್ಪಿಟ್ಟನ್ನು ಕೂಡ ಒಂದು ಚಮಚ ಹೆಚ್ಚಿಲ್ಲ ಒಂದು ಚಮಚ ಕಡಿಮೆಯಿಲ್ಲ ಎಂದು ಹಂಚುವ ಹೆಂಗಸು. ನಿಯಮ ಮೀರುವ ಪ್ರಶ್ನೆಯೇ ಇಲ್ಲ.

ಶನಿವಾರ ಹನ್ನೆರಡಕ್ಕೆ ನಾನು ಮೊಣಕಾಲೂರಿದೆ. ನಾನು ಬೆನ್ನು ಮುಟ್ಟಲು ಕೈ ಚಾಚುವ ಮೊದಲೇ ನನ್ನ ಹಿಂದಿನ ಪಾಳಿಯವರು ಆಮೆನ್ ಎಂದು ಎದ್ದು ಹೋದರು. ಸಭಾಪಾಲಕರು ಅಂದು ಕಿತ್ತೂರಿನ ಸಭೆಗೆ ಹೋಗಿದ್ದರು. ಒಳಗೆ ನಾನೊಬ್ಬಳೇ. ಒಬ್ಬಳೇ ಇದ್ದಾಗ ನನಗೆ ದನಿ ಬರುತ್ತದೆ. ಸಭಾಪಾಲಕರು ಬರೆದುಕೊಟ್ಟ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೆ: ದೇಶ, ರಾಜ್ಯ, ಅಧಿಕಾರಿಗಳು, ರೋಗಿಗಳು, ವಿಧವೆಯರು, ದೇವಾಲಯದ ಸೋರುವ ಹಂಚುಗಳು. ಎಲ್ಲವನ್ನೂ ಪುಸ್ತಕದ ಭಾಷೆಯಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿದೆ. ಮುಗಿಯಿತು. ಬೆನ್ನನ್ನು ಯಾರೂ ಮುಟ್ಟಲಿಲ್ಲ. ಮತ್ತೆ ಮೊದಲಿನಿಂದ ಮಾಡಿದೆ.

ಅಕ್ಕೋರು ಒಂದಕ್ಕೆ ಐದು ನಿಮಿಷವಿರುವಾಗಲೇ ಬಂದು ನನ್ನ ಬೆನ್ನ ಹಿಂದೆ ಮೂರು ಮೊಳ ದೂರದಲ್ಲಿ ಕೂತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅವರು ನನ್ನ ಆಮೆನ್‌ಗೆ ಕಾಯುತ್ತಿದ್ದರು. ನಾನು ಅವರ ಕೈಗೆ ಕಾಯುತ್ತಿದ್ದೆ. ಫ್ಯಾನಿನ ಕಟಕಟದಲ್ಲಿ ಬರಿಗಾಲಿನ ಸದ್ದು ಎಲ್ಲಿ ಕೇಳಬೇಕು?

ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಆಯಿತು. ಬಾಂಗು ಆಗುವುದು ಒಂದರ ಮೇಲೆಯೇ. ಆದರೆ ಅಕ್ಕೋರು ತಡ ಮಾಡುವವರಲ್ಲ. ಹಾಗಾದರೆ ಇನ್ನೂ ಒಂದು ಆಗಿಲ್ಲ, ಇವತ್ತು ಬಾಂಗೇ ಬೇಗ ಆಗಿರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಪಟ್ಟಿ ಎರಡನೆಯ ಸಲ ಮುಗಿಯಿತು. ನಮ್ಮ ಓಣಿಯ ಮನೆಗಳಿಗಾಗಿ ಈ ತುದಿಯಿಂದ ಆ ತುದಿಗೆ ಪ್ರಾರ್ಥಿಸಿದೆ. ಓಣಿ ಮುಗಿಯಿತು. ಬಸ್‌ಸ್ಟ್ಯಾಂಡಿನ ಬೋರ್ಡು ನೆನಪಿಗೆ ಬಂತು. ಮುರಗೋಡ, ದೇಗಾಂವ, ಕಿತ್ತೂರು ಎಂದು ಅದರಲ್ಲಿದ್ದ ಊರುಗಳಿಗಾಗಿ, ಆ ಬಸ್ಸುಗಳ ಕಂಡಕ್ಟರುಗಳಿಗಾಗಿ, ಚಿಲ್ಲರೆ ಇಲ್ಲದ ಅವರ ಕಷ್ಟಕ್ಕಾಗಿ ಪ್ರಾರ್ಥಿಸಿದೆ. ಎದುರು ಮನೆಯ ಎಮ್ಮೆಗೂ ಪ್ರಾರ್ಥಿಸಿದೆ. ಆ ಎಮ್ಮೆ ಕರುವಿಗೆ ಒದೆಯುತ್ತಿತ್ತು.

ಎರಡರ ಪಾಳಿಯವರೂ ಬಂದು ಅಕ್ಕೋರ ಹಿಂದೆ ಕೂತರಂತೆ. ಏನಾಗಿದೆ ಎಂದು ಸನ್ನೆಯಲ್ಲಿ ಕೇಳಿದ್ದಕ್ಕೆ ಅಕ್ಕೋರು ತುಟಿಗೆ ಬೆರಳಿಟ್ಟರಂತೆ.

ಈಗ ಮನೆಯ ಕಡೆ ಏನಾಯಿತೆಂದು ಹೇಳುತ್ತೇನೆ. ಮರುದಿನ ಹುಣ್ಣಿಮೆ ಇತ್ತು. ಸವದತ್ತಿ ಗುಡ್ಡದ ಜಾತ್ರೆಗೆ ಹೋಗುವವರಿಂದ ಬಸ್ಸು ತುಂಬಿ ಜಾಗ ಸಿಗುವುದಿಲ್ಲವೆಂದು ಹೆದರಿ ರಾಮದುರ್ಗದವರು ಬೆಳಿಗ್ಗೆಯೇ ಹೊರಟಿದ್ದರು. ಜಾಗ ಸಿಕ್ಕಿಬಿಟ್ಟಿತು. ಸವದತ್ತಿಯಲ್ಲಿ ನನ್ನ ಅಣ್ಣ ಜೊತೆಗೂಡಿದ. ನಾಲ್ಕಕ್ಕೆ ಬರಬೇಕಾದವರು ಎರಡಕ್ಕೇ ನಮ್ಮ ಬಾಗಿಲಲ್ಲಿ ನಿಂತರು: ಹುಡುಗ, ಹುಡುಗನ ತಾಯಿ, ನನ್ನ ಅಣ್ಣ. ನಿಮ್ಮ ಅವ್ವ ಹಳೆಯ ಸೀರೆಯಲ್ಲಿ, ಕೈಯಲ್ಲಿ ಕಸಬರಿಗೆ ಹಿಡಿದು ಬಾಗಿಲು ತೆರೆದಳು.

"ನಿಮ್ಮವ್ವ ಎಲ್ಲಿ?" ಅಣ್ಣ ಕೇಳಿದ.

"ದೇವಾಲಯದಾಗ ಅದಾಳ ಮಾಮಾ. ಒಂದಕ್ಕ ಬರತೇನಿ ಅಂದಿದ್ಲು, ಇನ್ನೂ ಬಂದಿಲ್ಲ."

"ನಾ ಕರಕೊಂಡ ಬರತೇನಿ. ನೀವು ಕುಂದರ್ರಿ" ಎಂದು ಅಣ್ಣ ಹೊರಟ. ಹುಡುಗನ ತಾಯಿ ಕೂರುವ ಹೆಂಗಸಲ್ಲ. ಮೂವತ್ತು ವರ್ಷ ಮಗ್ಗದ ಸದ್ದಿನ ಮೇಲೆ ಮಾತನಾಡಿ ಮಾತನಾಡಿ ಅವರ ದನಿ ಆ ಓಣಿಯಿಂದ ಈ ಓಣಿಗೆ ಕೇಳುತ್ತದೆ, ನಿಮಗೆ ಗೊತ್ತೇ ಇದೆ. "ಪ್ರಾರ್ಥನಿ ನಡದೈತಿ ಅಂದ್ರ ನಾವೂ ಬರತೇವಿ. ಬೀಗತಿ ಪ್ರಾರ್ಥನಿ ಮಾಡಾಕಿ ಅಂದ್ರ ಅದಕ್ಕಿಂತ ಛಲೋದ ಏನ ಐತಿ" ಎಂದು ಮಗನನ್ನೂ ಎಬ್ಬಿಸಿಕೊಂಡು ಬಂದರು. ದೇವಾಲಯದಲ್ಲಿ ಅಕ್ಕೋರು ಇವರಿಗೂ ತುಟಿಗೆ ಬೆರಳಿಟ್ಟು ಜಾಗ ತೋರಿಸಿದರು. ಎಲ್ಲರೂ ಕೂತರು.

ನನಗೆ ಆ ಹೊತ್ತಿಗೆ ಹೊಟ್ಟೆ ಚುರುಗುಟ್ಟಿ, ಮೊಣಕಾಲು ಸುಟ್ಟ ಹಾಗಾಗಿ, ನಾಲ್ಕು ಗಂಟೆ ಎಲ್ಲಿ ಆಗಿಹೋಯಿತೋ ಎಂದು ಜೀವ ಹಾರುತ್ತಿತ್ತು. ಎದ್ದು ಹೋದರೆ ಸರಪಳಿ ಹರಿಯುತ್ತದೆ. ಹೋಗದಿದ್ದರೆ ಮಗಳ ಸಂಬಂಧ ಹರಿಯುತ್ತದೆ. ಪ್ರಾರ್ಥಿಸಲು ಲೋಕದಲ್ಲಿ ಇನ್ನೇನೂ ಉಳಿದಿರಲಿಲ್ಲ. ಪುಸ್ತಕದ ಭಾಷೆಯೂ ಮುಗಿದಿತ್ತು. ಮನೆಯ ಮಾತು ತಾನಾಗಿ ಬಂತು.

"ಸ್ವಾಮಿ, ಇನ್ನ ನಿನಗ ಏನ ಹೇಳ್ಲಿ? ಒಂದ ಉಳದೈತಿ. ಇವತ್ತ ರಾಮದುರ್ಗದವ್ರು ಬರತಾರ. ಹುಡುಗಿ ಎಸ್ಸೆಸ್ಸೆಲ್ಸಿ ಪಾಸ್ ಅಂತ ನಮ್ಮಣ್ಣ ಹೇಳ್ಯಾನ."

ಹಿಂದೆ ಯಾರೋ ಕೆಮ್ಮಿದರು. ಸೈತಾನನ ಆಟವೆಂದು ನಾನು ಕಣ್ಣು ಇನ್ನೂ ಬಿಗಿ ಮಾಡಿದೆ.

"ಅಕಿ ಪಾಸ್ ಆಗಿಲ್ಲ ಸ್ವಾಮಿ. ಲೆಕ್ಕದಾಗ ಎರಡ ಸಲ ಹೋಗೇತಿ."

ಕೆಮ್ಮು ಜೋರಾಯಿತು. ಇಂಥ ಕೆಮ್ಮನ್ನು ನಾನು ಎಲ್ಲಿಯೋ ಕೇಳಿದ್ದೇನೆ ಎನ್ನಿಸಿತು. ಸೈತಾನ ನಮಗೆ ಗುರುತಿನವರ ದನಿಯಲ್ಲೇ ಬರುತ್ತಾನೆಂದು ಸಭಾಪಾಲಕರು ಹೇಳಿದ್ದು ನೆನಪಾಗಿ ಮತ್ತಷ್ಟು ಗಟ್ಟಿಯಾಗಿ ಹೇಳಿದೆ. "ಈ ಕೆಮ್ಮೋ ಸೈತಾನನ ಬಾಯಿ ಕಟ್ಟು ಸ್ವಾಮಿ. ಇಲ್ಲಿಂದ ಹೊರಗ ಹಾಕು ಅವನ್ನ. ನಮ್ಮಣ್ಣ ಕೆಟ್ಟವ ಅಲ್ಲ, ನಮ್ಮ ಮ್ಯಾಲಿನ ಮಮತಾದಿಂದ ಹೇಳ್ಯಾನ. ಆದ್ರ ನಮ್ಮ ಹುಡುಗಿ ಆ ಸುಳ್ಳ ಹೊತ್ಕೊಂಡ ಅವ್ರ ಮನಿ ಹೊಸ್ತಿಲ ಹೆಂಗ ದಾಟ್ಬೇಕು? ನಾಳೆ ಯಾರರ ಕೇಳಿದ್ರ ದಿನಾ ಹೆದರಕೋತ ಬಾಳ್ವೆ ಮಾಡ್ಬೇಕೇನ? ಅವ್ರ ಮುಂದ ಹೇಳಾಕ ನನಗ ಬಾಯಿಲ್ಲ. ನೀನ ಹೇಳಬೇಕು. ಮತ್ತ, ಇವತ್ತ ಮನ್ಯಾಗಿರೂ ನಾಕ ಖುರ್ಚಿ, ಕಪ್ಪು ಬಸಿ ಎಲ್ಲಾ ಬಾಜೂ ಮನಿವು ಸ್ವಾಮಿ. ಅದೂ ನಿನಗ ಗೊತ್ತಿರ್ಲಿ."

ಆಗ ಬೆನ್ನ ಮೇಲೆ ಒಂದು ಕೈ ಬಿತ್ತು. ಅಕ್ಕೋರ ಕೈ ಇಷ್ಟು ಒರಟು ಯಾವಾಗ ಆಯಿತು ಎಂದುಕೊಂಡೇ "ಆಮೆನ್" ಎಂದೆ. ಕಣ್ಣು ತೆರೆದು ತಿರುಗಿದರೆ ಪರಿಚಯವಿಲ್ಲದ ಒಂದು ದೊಡ್ಡ ಮುಖ. ಅದರ ಹಿಂದೆ ಅಕ್ಕೋರು, ಅವರ ಹಿಂದೆ ಎರಡರ ಪಾಳಿಯವರು, ಮೂರರ ಪಾಳಿಯವರು, ಗೋಡೆಗೆ ಒರಗಿ ಒಬ್ಬ ಹುಡುಗ. ಬಾಗಿಲ ಹತ್ತಿರ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನನ್ನ ಅಣ್ಣ.

ಎದ್ದು ಓಡಬೇಕೆಂದರೆ ಕಾಲು ಜೋಮು ಹಿಡಿದಿತ್ತು. ಇನ್ನೇನು, ಸಂಬಂಧ ಹೋಯಿತು. ನಾನೇ ನನ್ನ ಬಾಯಿಯಿಂದ ಕಳೆದೆ ಎಂದುಕೊಂಡೆ.

"ಕುಂದರ್ರಿ, ಏಳಬ್ಯಾಡ್ರಿ. ಸರಪಳಿ ಹರೀಬಾರದಂತ ಈ ಅಕ್ಕೋರು ಸನ್ನಿ ಮಾಡಾಕತ್ತಾರ. ಈಗ ನಂದ ಪಾಳಿ" ಎಂದರು ಆ ಹೆಂಗಸು.

"ಅದ ನನ್ನ ಪಾಳಿರಿ. ಒಂದರಿಂದ ಕುಂತೇನಿ" ಎಂದರು ಅಕ್ಕೋರು.

"ಕುಂತ್ರ ಏನಾತ್ರಿ, ಮುಟ್ಟಿದಾಕಿ ನಾನು." ಎಂದವರೇ ನನ್ನ ಪಕ್ಕದಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿಬಿಟ್ಟರು. ಪ್ರಾರ್ಥನೆ ಶುರುವಾದ ಮೇಲೆ ಅಕ್ಕೋರು ಏನೂ ಮಾಡುವ ಹಾಗಿರಲಿಲ್ಲ. ನಾನೂ ಭಯದಿಂದ ಕಣ್ಣು ಮುಚ್ಚಿದೆ.

ಅವರ ದನಿಗೆ ಹಂಚು ಅದುರಿದವು. "ಯಪ್ಪಾ ತಂದೀ, ಈ ತಂಗಿ ನಿನ್ನ ಮುಂದ ಖರೇ ಹೇಳ್ಯಾಳ. ನಾ ಕೇಳೇನಿ. ಈಗ ನಾ ಬಾಯಿ ಮುಚ್ಕೊಂಡ ಎದ್ದ ಹೋದ್ರ ನೀ ನನ್ನ ಬಿಡ್ತೀಯೇನು? ಎರಡ ಮಗ್ಗ ಅದಾವ ಅಂತ ನಾವೂ ಹೇಳೇವಿ. ಒಂದ ನಮ್ದು, ಒಂದ ನಮ್ಮ ಮೈದುನಂದು. ಮತ್ತ ನನ್ನ ಮಗಗ ಮಗ್ಗದ ಸಪ್ಪಳಕ್ಕ ಬಲಗಿವಿ ಮಂದ ಆಗೇತಿ. ಅದನ್ನ ಇವ್ರಿಗೆ ಹೇಳಿಲ್ಲ."

"ಏನಂತ ಯವ್ವಾ? ಜೋರ ಹೇಳ, ಕೇಳವಲ್ದು" ಎಂದ ಗೋಡೆಯ ಹತ್ತಿರದಿಂದ ಹುಡುಗ.

"ನಿನ್ನ ಕಿವಿ ಸುದ್ದಿನ ಹೇಳಾಕತ್ತೇನಿ, ಸುಮ್ಕಿರು" ಎಂದು ದೇವರಿಗೆ ಹೇಳುತ್ತಿದ್ದ ದನಿಯಲ್ಲೇ ಮಗನಿಗೂ ಹೇಳಿ, ನನ್ನ ಬೆನ್ನಿನ ಮೇಲೆ ಕೈಯಿಟ್ಟು "ಆಮೆನ್" ಎಂದರು. ಅಂದರೆ ಪಾಳಿ ಮತ್ತೆ ನನಗೆ ಬಂತು.

ಮಕ್ಕಳೇ, ಹೀಗೆ ನಿಮ್ಮ ಅಪ್ಪ ಅವ್ವನ ಮದುವೆಯ ಮಾತುಕತೆ ನಡೆಯಿತು. ಎದುರೆದುರು ಕೂತಿದ್ದರೆ ನನ್ನಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ ಮೇಜಿನ ಕಡೆ ಮುಖ ಮಾಡಿದ್ದೆವು, ಹೇಳುವುದೆಲ್ಲ ದೇವರಿಗೆ. ಕಿವಿ ಮಂದವಿದ್ದರೆ ಅಡ್ಡಿಯಿಲ್ಲ ಸ್ವಾಮಿ, ನಮ್ಮ ಹುಡುಗಿ ಸಿಟ್ಟು ಬಂದರೆ ಸಣ್ಣ ದನಿಯಲ್ಲೇ ಬೈಯುವವಳು ಎಂದು ನಾನು ಹೇಳಿದೆ. ಮಾಂಸದ ಸಾರು ಮಾಡಲು ಬರುತ್ತದೆಯೋ ತಂದೀ ಎಂದು ಅವರು ಕೇಳಿದರು. ಬರುತ್ತದೆ, ಆದರೆ ಖಾರ ಹೆಚ್ಚು ಹಾಕುತ್ತಾಳೆ ಸ್ವಾಮಿ ಎಂದೆ. ಒಂದೊಂದು ಆಮೆನ್‌ಗೂ ಅಕ್ಕೋರು ಏಳಲು ನೋಡಿ, ಅಷ್ಟರಲ್ಲಿ ನಮ್ಮಲ್ಲೊಬ್ಬರ ಕೈ ಇನ್ನೊಬ್ಬರ ಬೆನ್ನ ಮೇಲೆ ಬಿದ್ದು, ಮತ್ತೆ ಕೂರುತ್ತಿದ್ದರಂತೆ.

ಕೊನೆಗೆ ಅವರು ಹೇಳಿದರು. "ತಂದೀ, ನಮ್ಮದೆಲ್ಲಾ ಆತು. ಬಾಳ್ವೆ ಮಾಡೋರು ಅವ್ರು. ಹುಡುಗಿ ಮನಸಿನ್ಯಾಗ ಏನ ಐತಿ?"

ನಿಮ್ಮ ಅವ್ವ ನಮ್ಮ ದಾರಿ ನೋಡಿ ನೋಡಿ ಸಾಕಾಗಿ, ಬಾಗಿಲಿಗೆ ಬೀಗ ಹಾಕಿ ಬಂದು ಹೊರಗೆ ಕಿಟಕಿಯ ಹತ್ತಿರ ನಿಂತಿದ್ದಳು. ಆ ದನಿಗೆ ಬರದೆ ಇರುವುದಾದರೂ ಹೇಗೆ? ಕಸ ಗುಡಿಸಿದ ಸೀರೆಯಲ್ಲೇ ಒಳಗೆ ಬಂದು ಗೋಡೆಯ ಹತ್ತಿರ ಹೋದಳು. ಹುಡುಗನ ಎಡಗಡೆಗೆ ಹೋಗಿ ನಿಂತಳು ಎನ್ನುವುದನ್ನು ಬರೆಯಲೇಬೇಕು. ಕಣ್ಣು ಮುಚ್ಚಲಿಲ್ಲ, ದೇವರನ್ನು ನಡುವೆ ತರಲೂ ಇಲ್ಲ.

"ನಾ ಲೆಕ್ಕದಾಗ ಎರಡ ಸಲ ಫೇಲಾಗೇನ್ರಿ. ಮೂರನೇ ಸಲ ಪರೀಕ್ಷಾ ಕಟ್ಟಾಕಿ ಅದೇನಿ. ಅದರಾಗೂ ಹೋದ್ರ ಏನ ಮಾಡ್ತೀರಿ?"

ಹುಡುಗ ಎಡಗಿವಿಯನ್ನು ಅವಳ ಕಡೆ ತಿರುಗಿಸಿ ಕೇಳಿಸಿಕೊಂಡ. "ನಾ ಏಳನೇತ್ತಕ್ಕ ಸಾಲಿ ಬಿಟ್ಟಾಂವರಿ. ನಿಮಗ ಏನ ಕೇಳಾಕ ನನಗ ಬಾಯಿ ಎಲ್ಲೈತಿ?" ಎಂದ. ಎಷ್ಟು ಗಟ್ಟಿಯಾಗಿ ಎಂದರೆ ರಸ್ತೆಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡಿದರು.

ನಿಮ್ಮ ಅವ್ವ ನಕ್ಕಳು. ತಂದೆ ತೀರಿಕೊಂಡ ಮೇಲೆ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಸಂಜೆ ಐದರ ಸುಮಾರಿಗೆ ಸಭಾಪಾಲಕರು ಕಿತ್ತೂರಿನಿಂದ ಬಂದರು. ಒಬ್ಬರ ಚಪ್ಪಲಿ ಇರಬೇಕಾದ ಬಾಗಿಲಲ್ಲಿ ಹತ್ತು ಜೊತೆ ಚಪ್ಪಲಿ. ಒಳಗೆ ನೋಡಿದರೆ ಐದಾರು ಪಾಳಿಯವರು ಒಟ್ಟಿಗೆ ಕೂತಿದ್ದಾರೆ, ಅಕ್ಕೋರು ಕಣ್ಣೀರು ಒರೆಸಿಕೊಳ್ಳುತ್ತಿದ್ದಾರೆ. ಸಭೆಗೆ ಉಜ್ಜೀವನ ಬಂದಿತು, ವಿಶ್ವಾಸ ಹೊಸದಾಗಿ ಹೊತ್ತಿಕೊಂಡಿತು ಎಂದು ಅವರು ಅಲ್ಲೇ ಬಾಗಿಲಲ್ಲಿ ಮೊಣಕಾಲೂರಿದರು. ಅಕ್ಕೋರು ಅತ್ತದ್ದು ಅವರ ಪಾಳಿ ಪೂರಾ ಹೋಗಿಬಿಟ್ಟಿತೆಂದು. ಅದನ್ನು ಸಭಾಪಾಲಕರಿಗೆ ಯಾರೂ ಹೇಳಲಿಲ್ಲ. ಐದರಿಂದ ಆರರ ಪಾಳಿಯನ್ನು ಅಕ್ಕೋರಿಗೆ ಬಿಟ್ಟುಕೊಟ್ಟೆವು. ಅವರು ಆರು ಗಂಟೆ ಹತ್ತು ನಿಮಿಷದ ತನಕ ಪ್ರಾರ್ಥಿಸಿದರು.

ಅಣ್ಣ ಅಂದು ಚಹಾ ಕೂಡ ಕುಡಿಯದೆ ಸವದತ್ತಿಯ ಬಸ್ಸು ಹತ್ತಿದ. ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಸುಳ್ಳು ಬಯಲಾದದ್ದಕ್ಕಲ್ಲ, ಹತ್ತು ಜನರ ಎದುರು ತನ್ನನ್ನು ಸೈತಾನ ಎಂದದ್ದಕ್ಕೆ. ಮದುವೆಯ ಹಿಂದಿನ ದಿನ ಅಕ್ಕಿಯ ಚೀಲ ಹೊತ್ತುಕೊಂಡು ಬಂದ. "ನಾ ಹೇಳಿದ್ದ ನೀ ಕೇಳಲಿಲ್ಲಲಾ ತಂಗಿ" ಎಂದ.

"ಕೇಳೇನೋ ಅಣ್ಣಾ. ಮಂದಿ ಮುಂದ ನಾ ಒಂದ ಮಾತೂ ಆಡಿಲ್ಲ" ಎಂದೆ.

ಅವನು ಹೆಗಲ ಮೇಲಿನ ಚೀಲ ಇಳಿಸಿದ.

ನಾನು ಆ ದಿನ ದೊಡ್ಡ ವಿಶ್ವಾಸವೇನೂ ತೋರಿಸಲಿಲ್ಲ. ಮನಸ್ಸು ಪೂರ್ತಿ ಅಲುಗಾಡುತ್ತಿತ್ತು; ಬಾಂಗು ಬೇಗ ಆಯಿತೆಂದು ನನಗೆ ನಾನೇ ಮೋಸ ಮಾಡಿಕೊಂಡಿದ್ದೆ. ಏಳಬೇಡ ಎಂದಿದ್ದರು, ಏಳಲಿಲ್ಲ, ಅಷ್ಟೇ. ನನಗೆ ಬಾಯಿ ಕೊಡು ಎಂದು ಕೇಳಿದ್ದೆ. ದೇವರು ಕೇಳುವ ಜನರನ್ನು ತಂದು ನನ್ನ ಬೆನ್ನ ಹಿಂದೆ ಕೂರಿಸಿದ. ಇದಕ್ಕಿಂತ ಸುಲಭದ ದಾರಿ ಅವನಿಗೆ ಹೊಳೆಯಲಿಲ್ಲವೇ ಎಂದು ಈಗಲೂ ಕೆಲವು ಸಲ ಕೇಳುತ್ತೇನೆ.

ನಿಮ್ಮ ಅವ್ವ ಮೂರನೆಯ ಸಲವೂ ಫೇಲಾದಳು. ಇದನ್ನು ಬರೆದಿದ್ದೇನೆಂದು ಅವಳಿಗೆ ಬೇಸರವಾಗಬಹುದು. ಆದ್ದರಿಂದ ಈ ಹಾಳೆಗಳನ್ನು ಮೊದಲು ಅವಳ ಕೈಗೆ ಕೊಡಿ. ಹೊಡೆದು ಹಾಕು ಎಂದ ಸಾಲನ್ನು ಹೊಡೆದು ಹಾಕಿ. ಆಮೇಲೆ ಬೇವಿನ ಎಲೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಗೆದ್ದಲು ಹತ್ತದ ಮೇಲಿನ ಕಪಾಟಿನಲ್ಲಿ ಇಡಿ. ಎರಡನೆಯ ಸಲ ಬರೆಯುವಷ್ಟು ಧೈರ್ಯ ನನಗಿಲ್ಲ; ಇವನ್ನು ಕಳೆಯಬೇಡಿ.